ಹಣಮಂತ್ರಾಯರ ನಾಲ್ಕು ರುಮಾಲುಗಳು

ಹಣಮಂತ್ರಾಯ ಸರ್ ಮನುಷ್ಯರನ್ನು ಇಟ್ಟಿಗೆಗೆ ಕಟ್ಟುತ್ತಿದ್ದರು. ಸುರಪುರದ ಕಾಲುವೆ ಕಚೇರಿಗೆ ನಾನು ತರಬೇತಿಗೆ ಸೇರಿದ ವಾರದ ದಿನಚರಿ ಹೀಗಿದೆ: ಸೋಮವಾರ, ಕಟ್ಟಿಸಿಕೊಂಡವರು ಇಬ್ಬರು. ಮಂಗಳವಾರ, ಮೂವರು. ಬುಧವಾರ, ನಾನೂ ಸೇರಿ ನಾಲ್ವರು.

ಅವರದು ರೇಡಿಯೊ ಪೆಟ್ಟಿಗೆಯ ಕೆಲಸ. ದೂರದ ಕಾಲುವೆ ಗೇಟು ಎಷ್ಟು ತೆರೆದಿದೆ ಎಂಬ ಸುದ್ದಿ ಸೊನ್ನೆ, ಒಂದುಗಳಾಗಿ ಗಾಳಿಯಲ್ಲಿ ಬರುತ್ತಿತ್ತು. ದಾರಿಯಲ್ಲಿ ಕೆಟ್ಟ ಅಂಕೆಗಳನ್ನು ಪೆಟ್ಟಿಗೆಯೇ ತಿದ್ದಿಕೊಳ್ಳಬೇಕು. ಒಂದು ಬಗೆಯ ಕೇಡನ್ನು ಮಾತ್ರ ಅದು ಏನು ಮಾಡಿದರೂ ತಿದ್ದುತ್ತಿರಲಿಲ್ಲ. ಎರಡು ದಿನಕ್ಕೆ ಹದಿನಾಲ್ಕು ಸುದ್ದಿ ಸತ್ತವು. ಶನಿವಾರದೊಳಗೆ ಸರಿಯಾಗದಿದ್ದರೆ ಪೆಟ್ಟಿಗೆ ಕಿತ್ತು, ಮತ್ತೆ ಸೈಕಲ್ ಮೇಲೆ ಆಳು ಕಳಿಸುತ್ತೇವೆ ಎಂದು ಮೇಲಿನವರು ಹೇಳಿದ್ದರು. ಒಂಬತ್ತು ವರ್ಷ ಅದನ್ನೇ ಸಾಕಿದ ಸರ್ ಊಟ ಬಿಟ್ಟರು.

ಬುಧವಾರ ಅಂಗಳದಲ್ಲಿ ಅಡುಗೆಯ ನಿಂಗಮ್ಮ, ಡ್ರೈವರ್, ಕಾವಲುಗಾರ ಮತ್ತು ನನ್ನ ತಲೆಗೆ ರುಮಾಲು ಸುತ್ತಿದರು. ಒಬ್ಬೊಬ್ಬರಿಂದ ಮೂರು ಇಟ್ಟಿಗೆಗೆ ದಾರ.

"ರುಮಾಲಿನವರು ಕೆಟ್ಟ ಅಂಕಿ. ಇಟ್ಟಂಗಿ ಅಂದ್ರ ತಪ್ಪು ಹಿಡಿಯೋ ಪಂಚರು," ಎಂದರು ಸರ್.

"ನಾ ಯಾಕ್ರಿ ಕೆಟ್ಟಾಕಿ? ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ," ಎಂದಳು ನಿಂಗಮ್ಮ.

"ಸುಡ್ಲಿ ಬಿಡವಾ. ಪಂಚನ ಕೈಯಾಗ ಒಬ್ಬ ಕೆಟ್ಟಾವ ಸಿಕ್ರ ಒದರ್ತಾನ. ಇಬ್ಬರು ಸಿಕ್ರ ಜೋಡಿ ಆತು ಅಂತ ಸುಮ್ಮಕಾಗ್ತಾನ. ಮೂರರಾಗ ಇಬ್ಬರು ಒದರಿದ್ರಷ್ಟ ರುಮಾಲ ಬಿಚ್ರಿ."

ನಮ್ಮ ಪ್ರತಿಯೊಬ್ಬರ ಎರಡು ಇಟ್ಟಿಗೆಗೆ ಪಕ್ಕದವರೂ ಕಟ್ಟಿಕೊಂಡಿದ್ದರು. ಹಾಗಾಗಿ ಎರಡು ಸುಮ್ಮನಿದ್ದವು, ಒಂದೇ ಸರ್ ಬಾಯಲ್ಲಿ ಒದರಿತು. ಹದಿನೇಳು ಸುತ್ತು ಲೆಕ್ಕ ಇಟ್ಟೆ. ಒಂದು ರುಮಾಲೂ ಬಿಚ್ಚಲಿಲ್ಲ. ಬೇಳೆ ಹೊತ್ತಿ ಊರೆಲ್ಲ ವಾಸನೆ.

ಸರ್ ಕುಣಿದರು. "ಬೀಗರಿದ್ದಂಗ ಅದಾರ ನೋಡು ತಂಗಿ! ಒಬ್ಬರ ಹುಳುಕು ಒಬ್ಬರು ಮುಚ್ಕೊಂಡು ಕುಂತಾರ!"

ನಿಂಗಮ್ಮ ಮತ್ತು ನನ್ನ ನಡುವಿನ ಇಟ್ಟಿಗೆಯಿಂದ ಆಕೆಯ ದಾರ ಬಿಚ್ಚಿ, ಮೂಲೆಯಲ್ಲಿ ಯಾರ ದಾರವೂ ಇಲ್ಲದ ಇಟ್ಟಿಗೆಗೆ ಕಟ್ಟಿದರು. ಈಗ ಆಕೆಗೂ ನನಗೂ ಇಬ್ಬಿಬ್ಬರು ಪಂಚರು ಒದರಿದರು. ನಮ್ಮಿಬ್ಬರ ರುಮಾಲು ಬಿಚ್ಚಿದ್ದೇ ಪಕ್ಕದವರ ಜೋಡಿಗಳೂ ಮುರಿದವು; ಎರಡನೆಯ ಸುತ್ತಿಗೆ ನಾಲ್ಕೂ ರುಮಾಲು ಕೆಳಗೆ. ಅದೇ ಬದಲಾವಣೆಯನ್ನು ಪೆಟ್ಟಿಗೆಗೂ ಗೇಟಿನ ಯಂತ್ರಕ್ಕೂ ಮಾಡಿದರು. ಗುರುವಾರ ಸತ್ತ ಸುದ್ದಿ ಸೊನ್ನೆ. ಶುಕ್ರವಾರ ಸೊನ್ನೆ.

ಶನಿವಾರ ಪೆಟ್ಟಿಗೆ ಕೀಳುವ ಆದೇಶ ಬಂತು! ಕೆಳಗೆ ಯಾದಗಿರಿಯ ಮೂವರು ಅಧಿಕಾರಿಗಳ ಸಹಿ. ಸರ್ ಒಬ್ಬೊಬ್ಬರಿಗೂ ಫೋನು ಮಾಡಿದರು. ಮೂವರದೂ ಒಂದೇ ಉತ್ತರ: "ಉಳದ ಇಬ್ಬರು ಒಪ್ಯಾರಲ್ರಿ, ಅದಕ್ಕ ನಾನೂ ಹಾಕೀನಿ."

ಮರುದಿನ ಊರಿಗೆ ಹೊರಟಾಗ ಶಹಾಪುರದ ಬಸ್ ನಿಲ್ದಾಣದಲ್ಲಿ, ಯಾದಗಿರಿ ಬಸ್ಸಿಗೆ ಕಾಯುತ್ತಿದ್ದ ಅವರನ್ನು ಕಡೆಯ ಸಲ ಕಂಡೆ. ಜೊತೆಗೆ ಹೆಂಡತಿ, ಮಡಿಲಲ್ಲಿ ಬುತ್ತಿ.

"ಮೇಡಂ ಯಾಕ್ರಿ ಸರ್?"

"ಮೂವರ ನಡುವ ಹೊರಗಿನ ಪಂಚ ಒಬ್ಬ ಬೇಕಲ್ಲವಾ. ಈಕಿ ಮದಿವ್ಯಾದಾಗಿಂದ ಯಾರ ಮಾತಿಗೂ ಹೂಂ ಅಂದಾಕಿ ಅಲ್ಲ."

"ಹಂಗೇನಿಲ್ಲ," ಎಂದರು ಆಕೆ.

ಸೋಮವಾರ ಮೇಡಂ ಆ ಮೂವರ ಮಾತಿಗೂ ಹೂಂ ಅನ್ನಲಿಲ್ಲವಂತೆ; ಆದೇಶ ರದ್ದಾಯಿತು. ಪೆಟ್ಟಿಗೆ ಉಳಿಯಿತು. ತವರು ಯಾದಗಿರಿಯೇ ಆದ ಮೇಡಂ ಅಲ್ಲಿ ಇನ್ನೊಂದಕ್ಕೂ ಒಪ್ಪಲಿಲ್ಲವಂತೆ: ಗಂಡ ಸುರಪುರಕ್ಕೆ ಮರಳುವುದಕ್ಕೆ. ಸರ್ ಅವರ ಯಾದಗಿರಿ ವರ್ಗಾವಣೆಗೆ ಮೂವರೂ ನಿಂತ ಕಾಲಲ್ಲೇ ಸಹಿ ಹಾಕಿದರು.