ಹಿತ್ತಲಿಗೆ ಡ್ಯೂಟಿಗೆ ಹೋಗುವ ಶೆಟ್ಟೆವ್ವ

ಶೆಟ್ಟೆವ್ವನಿಗೆ ಬೈಯುವವರು ಇಲ್ಲ. ಹಾಜರಿ ಹಿಡಿಯುವವರಿಲ್ಲ, ಯಾಕೆ ತಡ ಎಂದು ಕೇಳುವವರಿಲ್ಲ. ಮನೆಯೂ ಅವಳದೇ, ಕಂಬಳಿ ನೇಯುವ ಮಗ್ಗವೂ ಅವಳದೇ.

ಈಗ ಬೆಳಗಿನ ಆರು. ಮೂಡಲಗಿ ಕಡೆಯ ಈ ಹಳ್ಳಿಯಲ್ಲಿ ನಲವತ್ತೇಳರ ಶೆಟ್ಟೆವ್ವ ಬುತ್ತಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ಮುಂಬಾಗಿಲಿಗೆ ಬೀಗ ಜಡಿಯುತ್ತಾಳೆ. ಓಣಿಗಿಳಿದು ಮನೆಗೊಂದು ಸುತ್ತು ಹಾಕಿ ಹಿತ್ತಲಿನ ತಗಡಿನ ಶೆಡ್ಡಿಗೆ ಬರುತ್ತಾಳೆ. ಅಡುಗೆಮನೆಯಿಂದ ನೇರ ಬಂದರೆ ಹತ್ತೇ ಹೆಜ್ಜೆ. ಆ ಬಾಗಿಲಿಗೆ ಒಳಗಿನಿಂದ ಚಿಲಕ.

ಎದುರುಮನೆಯ ಶಿವವ್ವ ದಿನವೂ ಕಿಚಾಯಿಸುತ್ತಾಳೆ. “ಡ್ಯೂಟಿಗೆ ಹೊಂಟ್ಯೇನ ಯವ್ವಾ? ನಿನ್ನ ಹಿತ್ತಲಾ ಯಾವ ತಾಲೂಕಿಗೆ ಬರ್ತೈತಿ?”

“ಹುಕ್ಕೇರಿಗಿ. ಬಸ್ ತಪ್ಪತೈತಿ, ದಾರಿ ಬಿಡ.”

ಗಂಡ ಮಾಳಪ್ಪ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ. ಮಾವನ ಕೈ ನಡುಗತೊಡಗಿದಾಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದವಳು ಶೆಟ್ಟೆವ್ವ. ಗಂಡಸರ ಕೆಲಸವೆಂದು ಓಣಿ ನಕ್ಕಿತು. ಅವಳು ಆರು ತಿಂಗಳಲ್ಲಿ ಕಲಿತಳು.

“ಖರೆ ಹೇಳತೇನ್ರಿ, ನೇಯೂದು ಗೊತ್ತಿತ್ತು, ಕುಂದ್ರೂದು ಗೊತ್ತಿರಲಿಲ್ಲ. ಎರಡ ಭಾಂಡೆ ತಿಕ್ಕಿ ಕುಂದ್ರತೇನಿ ಅನ್ನಾಕಿ. ಅಷ್ಟರಾಗ ಯಾರರ ಬರಾವ್ರು. ಚಾ ಇಡೂದು. ಆತು, ನಾಳಿ.”

ಮೂರು ವರ್ಷದ ಹಿಂದೆ ಕುರಿಗಾರ ಅಲ್ಲಪ್ಪ ತನ್ನ ಕುರಿಗಳ ಉಣ್ಣೆಯನ್ನೇ ಕೊಟ್ಟು, ಮುಂಗಾರಿನ ಮಿರಗದ ಮಳೆ ಕೂಡುವ ಮೊದಲು ಕಂಬಳಿ ಬೇಕೆಂದಿದ್ದ. ನೂಲು ಬಿಗಿಯಾಗಲು ಹುಣಸೆ ಬೀಜದ ಗಂಜಿ ಹಚ್ಚಬೇಕು. ಅದನ್ನು ಕುದಿಸಿದ ದಿನವೇ ಹಚ್ಚಬೇಕು. ಶೆಟ್ಟೆವ್ವ ಕುದಿಸಿಟ್ಟು ನಾಳೆ ಎಂದಳು. ಎರಡು ಸಲ ಗಂಜಿ ಹುಳಿಯಿತು. ಮೂರು ಸಲ ಬಂದು ಹೋದ ಅಲ್ಲಪ್ಪ ಕೊನೆಗೆ ಹರಕು ಕಂಬಳಿಯಲ್ಲೇ ಹಿಂಡು ಹೊಡೆದುಕೊಂಡು ಹೋದ. ಧುಪದಾಳದ ಬಯಲಲ್ಲಿ ಮಳೆ ಹಿಡಿಯಿತು. ಆಗಷ್ಟೇ ಹುಟ್ಟಿದ ಮರಿಗಳಿಗೆ ಹೊದಿಸಲು ಆ ಹರಕು ಬಿಟ್ಟರೆ ಏನೂ ಇರಲಿಲ್ಲ.

“ತಿರಗಿ ಬಂದಾಗ ಬೈಲಿಲ್ರಿ ಅಂವ. ಬೈದಿದ್ರ ಚಲೋ ಇತ್ತು.”

ಮರುದಿನವೇ ಅವಳು ಪೇಟೆಯಿಂದ ಬೀಗ ತಂದಳು. “ಅದು ಮಂದಿಗಿ ಹಾಕಿದ್ದಲ್ಲ, ನನಗ ಹಾಕಿದ್ದು” ಎನ್ನುತ್ತಾಳೆ. ಈಗ ದಿನಕ್ಕೆ ಎರಡು ಮೊಳ. ಅಷ್ಟು ನೇಯ್ದ ಮೇಲೇ ಬುತ್ತಿ ಬಿಚ್ಚುವುದು. ಗಂಜಿ ಕುದಿಸಿದ ದಿನ ಅದನ್ನು ಹಚ್ಚುವವರೆಗೆ ಚಹಾವೂ ಇಲ್ಲ. ಗೋಕಾಕದ ಅಂಗಡಿಯವರು ಅವಳ ಕಂಬಳಿಯನ್ನು ಜಗ್ಗಿ ನೋಡುವುದನ್ನು ಬಿಟ್ಟು ಎರಡು ವರ್ಷವಾಯಿತು.

ಈ ಬೇಸಿಗೆ ಅಲ್ಲಪ್ಪ ಮತ್ತೆ ಉಣ್ಣೆ ತಂದುಕೊಟ್ಟ. ಮಿರಗ ಕೂಡುವ ದಿನವನ್ನಷ್ಟೇ ಹೇಳಿದ. ಇವತ್ತು, ಇನ್ನೂ ನಾಲ್ಕು ದಿನ ಇರುವಾಗಲೇ ನೋಡಲು ಬಂದಿದ್ದಾನೆ. ಮುಂಬಾಗಿಲಲ್ಲಿ ಬೀಗ ಕಂಡು ಓಣಿಗೆ ಕೇಳುವಂತೆ ಕೂಗುತ್ತಾನೆ.

“ನೋಡ, ಈ ಸಲಾನೂ ನಾಳೀನ!”

“ಕಾಕಾ, ಹಿಂದಕ ಬರ್ರಿ! ಡ್ಯೂಟಿ ಮ್ಯಾಲೆ ಅದೇನಿ!”

ಕಂಬಳಿ ಮಡಚಿ ತಯಾರಿದೆ. ಅಲ್ಲಪ್ಪ ಅಂಚು ಜಗ್ಗಿ ನೋಡುತ್ತಾನೆ, ಮತ್ತೊಮ್ಮೆ ಜಗ್ಗುತ್ತಾನೆ, ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ.

“ಚಲೋ ಆಗೇತಿ ಅನಲಿಲ್ಲ ನೋಡ್ರಿ” ಎಂದು ಶೆಟ್ಟೆವ್ವ ನಗುತ್ತಾಳೆ. “ಬ್ಯಾಡ. ಮಳಿಗಿಂತ ಮೊದಲ ಒಯ್ದ, ಸಾಕು.”

ಅವಳು ಮತ್ತೆ ಕುಣಿಗೆ ಕಾಲು ಇಳಿಬಿಡುತ್ತಾಳೆ. ಎದುರಿನ ಗೂಟದ ಮೇಲೆ ಕುಡಗೋಲಿನಿಂದ ಅವಳೇ ಹಾಕಿಕೊಂಡ ಗೀರುಗಳಿವೆ. ನೇಯ್ದ ಕಂಬಳಿಗಳ ಲೆಕ್ಕವಲ್ಲ ಅದು. ಧುಪದಾಳದ ಆ ಮಳೆಯಲ್ಲಿ ಸತ್ತ ಮರಿಗಳು: ಮೂರು.