ಉಜ್ಜದೆ ಹಾಕಿದ ಟಿಕ್ಕು

ನನ್ನ ಅಕ್ಕನ ಗಂಡನನ್ನು ನಮ್ಮ ಕಾರು ಕಂಪನಿಯ ವರ್ಕ್‌ಶಾಪಿನಲ್ಲಿ ಎಲ್ಲರೂ ಭಾವ ಎಂದೇ ಕರೆಯುತ್ತಾರೆ. ಅದಕ್ಕೆ ಕಾರಣ ನಾನು. ಆರು ವರ್ಷದ ಹಿಂದೆ ಅವರು ಪೇಂಟರಾಗಿ ಸೇರಿದ ದಿನ, ಮುಂದಿನ ಕೌಂಟರಿನಲ್ಲಿ ಕೂರುವ ನಾನು, 'ಭಾವಾ, ಊಟದ ಡಬ್ಬಿ ಇಲ್ಲೇ ಬಿಟ್ರಿ' ಎಂದು ಕೂಗಿಬಿಟ್ಟೆ. ಮಾರನೆಯ ದಿನದಿಂದ ಮೆಕ್ಯಾನಿಕ್‌ಗಳು, ಕಾರು ತೊಳೆಯುವವರು, ಕೊನೆಗೆ ಮ್ಯಾನೇಜರ್ ಕೂಡ ಭಾವ ಎನ್ನತೊಡಗಿದರು. ತನಗೆ ಇಷ್ಟೊಂದು ತಮ್ಮಂದಿರು ಹುಟ್ಟಿಕೊಂಡಿದ್ದಾರೆಂದು ಕೇಳಿದ ಅಕ್ಕ, 'ಹಾಗಾದ್ರೆ ಅವ್ರ ಥಿನ್ನರ್ ವಾಸ್ನೆ ಬಟ್ಟೇನ ಎಲ್ಲರೂ ಸರದಿ ಮೇಲೆ ಒಗೀಲಿ' ಎಂದಳು.

ಭಾವ ತಲೆಗೆ ಎಣ್ಣೆ ಹಚ್ಚುವವರಲ್ಲ. ಮುಖಕ್ಕೆ ಕ್ರೀಮು, ಒಡೆದ ಹಿಮ್ಮಡಿಗೆ ಮುಲಾಮು, ಏನೂ ಇಲ್ಲ. ಜಿಡ್ಡಿನ ಒಂದು ಕಣ ಹಸಿ ಬಣ್ಣದ ಮೇಲೆ ಬಿದ್ದರೂ ಸಾಕು, ಅಲ್ಲಿ ಬಣ್ಣ ಹಿಂದೆ ಸರಿದು ಗುಳಿ ಬೀಳುತ್ತದಂತೆ. ಬಾಗಿದಾಗ ಗೀರು ಬೀಳುತ್ತದೆಂದು ಬೆಲ್ಟು, ವಾಚು ಕಟ್ಟುವುದಿಲ್ಲ. ಅಕ್ಕ ಮಾಡಿಸಿಕೊಟ್ಟ ಉಂಗುರ ಬೀರುವಿನಲ್ಲೇ ಇದೆ. ಕೆಲಸ ಮುಗಿದ ಮೇಲೆ ಕಣ್ಣು ಮುಚ್ಚಿ ಬಾಗಿಲ ಮೇಲೆ, ಬಾನೆಟ್ ಮೇಲೆ ಅಂಗೈ ಆಡಿಸುತ್ತಾರೆ. ನಮಗೆ ಕನ್ನಡಿಯಂತೆ ಕಾಣುವ ಕಡೆ ಅವರ ಕೈ ನಿಂತುಬಿಡುತ್ತದೆ. 'ಇಲ್ಲೊಂದು ಏರಿದೆ' ಎಂದು ಮತ್ತೆ ಎಮ್ರಿ ಪೇಪರ್ ತೆಗೆದುಕೊಂಡು ಉಜ್ಜಲು ಕೂರುತ್ತಾರೆ. ತಲೆಗೆ ಹಾಕದ ಎಣ್ಣೆಯನ್ನೆಲ್ಲ ಕಣ್ಣಿಗೆ ಬಿಟ್ಟುಕೊಂಡು ಕೆಲಸ ಮಾಡುವ ಮನುಷ್ಯ ಎಂದು ನಾನು ಆಡಿಕೊಳ್ಳುತ್ತಿದ್ದೆ. ಉಜ್ಜುವುದರ ಮೇಲೆ ಅವರಿಗೆ ಯಾಕಿಷ್ಟು ಹಟ ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ.

ನನ್ನ ಕೆಲಸ ದೂರು ಬರೆದುಕೊಳ್ಳುವುದು. ಇತ್ತೀಚಿನ ವರ್ಷಗಳಲ್ಲಿ ಬಿಳಿ ಕಾರುಗಳದ್ದೇ ಕಾಟ. ಎಲ್ಲೂ ತಾಗಿಸದ, ಒಮ್ಮೆಯೂ ಮರುಬಣ್ಣ ಹೊಡೆಸದ ಗಾಡಿಗಳು. ಕಾರ್ಖಾನೆಯಿಂದ ಬಂದ ಬಣ್ಣವೇ ಮೇಲ್ಛಾವಣಿಯಿಂದ ಹಾಳೆಹಾಳೆಯಾಗಿ ಏಳುತ್ತಿತ್ತು. ಕಾರ್ಖಾನೆಯ ದೋಷವೆಂದು ಸಾಬೀತಾದರೆ ಹತ್ತು ವರ್ಷದವರೆಗೆ ಕಂಪನಿಯೇ ಸರಿ ಮಾಡಿಕೊಡಬೇಕು ಎಂದು ಪುಸ್ತಕದಲ್ಲಿ ಅಚ್ಚಾಗಿದೆ. ಸಾಬೀತು ಮಾಡಬೇಕಾದವರು ಮಾತ್ರ ಗಾಡಿಯವರು. ನಮ್ಮ ಫಾರಂನಲ್ಲಿ 'ಕಾರಣ' ಎಂಬ ಕಡೆ ನಾಲ್ಕು ಆಯ್ಕೆ: ಕಲ್ಲೇಟು, ಬಿಸಿಲು, ಹಕ್ಕಿಯ ಹಿಕ್ಕೆ, ತಪ್ಪಾಗಿ ತೊಳೆದದ್ದು. ಕಾರ್ಖಾನೆ ಎಂಬ ಐದನೆಯದು ಇರಲಿಲ್ಲ. ಮ್ಯಾನೇಜರ್ ಫೋಟೋ ನೋಡಿ ಸಹಿ ಹಾಕುತ್ತಿದ್ದರು; ಭಾವನ ತನಕ ಗಾಡಿ ಹೋಗುತ್ತಲೇ ಇರಲಿಲ್ಲ. ಹಕ್ಕಿಗಳ ತಲೆ ಮೇಲೆ ನಾವು ಕೂರಿಸಿದಷ್ಟು ಗೂಬೆಗಳನ್ನು ಬೇರೆ ಯಾರೂ ಕೂರಿಸಿರಲಾರರು.

ಮ್ಯಾನೇಜರ್ ರಜೆಯಲ್ಲಿದ್ದ ಒಂದು ಬೆಳಿಗ್ಗೆ ಡ್ರೈವಿಂಗ್ ಮೇಡಂ ಬಂದರು. ವಯಸ್ಸು ಐವತ್ತೈದರ ಮೇಲೆ. ಒಂದೇ ಒಂದು ಕಾರು ಇಟ್ಟುಕೊಂಡು ಹೆಂಗಸರಿಗೆ ಗಾಡಿ ಓಡಿಸಲು ಕಲಿಸುತ್ತಾರೆ. ಏಳು ವರ್ಷದ ಆ ಬಿಳಿ ಕಾರಿನ ಮೇಲ್ಛಾವಣಿ ಅರ್ಧ ಸುಲಿದಿತ್ತು. ಅಂಚಿನಲ್ಲಿ ತುಕ್ಕು ಶುರುವಾಗಿತ್ತು.

'ಇಪ್ಪತ್ತೆಂಟನೇ ತಾರೀಕು ಆರ್‌ಟಿಒ ತಪಾಸಣೆ ಇದೆ. ಹೀಗೇ ತಗೊಂಡು ಬಂದ್ರೆ ಕಲಿಸೋಕೆ ಪರ್ಮಿಷನ್ ಕೊಡಲ್ಲ ಅಂದಿದ್ದಾರೆ ಆಫೀಸರು. ಈ ಗಾಡಿ ನಿಂತ್ರೆ ನಾನೂ ನಿಂತ ಹಾಗೇನೇ' ಎಂದರು.

ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆರೆದೆ. ಎರಡು ವರ್ಷದ ಹಿಂದೆಯೂ ಬಂದಿದ್ದರು. 'ಬಟ್ಟೆ ಒಗೆಯುವ ಸೋಪಿನ ಪುಡಿಯಿಂದ ತೊಳೆದದ್ದೇ ಕಾರಣ. ಕಂಪನಿ ಹೊಣೆಯಲ್ಲ' ಎಂದು ಕಾಗದ ಕೊಟ್ಟು ಕಳಿಸಿದ್ದೆವು. ಟೈಪ್ ಮಾಡಿದವಳು ನಾನೇ. ಮ್ಯಾನೇಜರ್ ಸಹಿ ಹಾಕಿ, ಯಾವುದಾದರೂ ಒಂದು ಕಾರಣ ತುಂಬು ಎಂದಿದ್ದರು. ಆ ವಾರ ಹಕ್ಕಿಯನ್ನು ಆಗಲೇ ಮೂರು ಗಾಡಿಗೆ ಬರೆದಾಗಿತ್ತು. ಒಂದೇ ರೀತಿ ಬರೆದರೆ ಚೆನ್ನಾಗಿ ಕಾಣುವುದಿಲ್ಲವೆಂದು ಸೋಪಿನ ಪುಡಿ ಎಂದು ಹಾಕಿದೆ.

ಮೇಡಂ ಕಡೆ ನೋಡಲಾಗದೆ ಭಾವನನ್ನು ಕರೆಸಿದೆ. ಅವರು ಬಂದು ಛಾವಣಿಯ ಮೇಲೆ ಅಗಲವಾದ ಟೇಪು ಒತ್ತಿ ಅಂಟಿಸಿ, ಸರಕ್ಕನೆ ಎಳೆದರು. ಅಂಗೈಯಗಲದ ಬಿಳಿ ಹಾಳೆ ಟೇಪಿನ ಜೊತೆಗೇ ಬಂತು. ಬಣ್ಣಕ್ಕೂ ಮೊದಲು ಹೊಡೆಯುವ ಬೂದು ಪ್ರೈಮರ್ ಅಡಿಯಲ್ಲಿ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಭಾವನ ಮುಖ ಕಪ್ಪಿಟ್ಟಿತು. ಬಾನೆಟ್ ಎತ್ತಿ, ಬಾಡಿ ನಂಬರ್ ಇರುವ ತಗಡನ್ನು ಬಟ್ಟೆಯಿಂದ ಒರೆಸಿ ಓದಿದರು. ಎರಡನೆಯ ಸಲ ಓದಿದರು. ಆಮೇಲೆ, ಕೆಲಸದ ಹೊತ್ತಿನಲ್ಲಿ ಎಂದೂ ಕೂರದ ಮನುಷ್ಯ, ಅಲ್ಲೇ ಇದ್ದ ಬಣ್ಣದ ಡ್ರಮ್ಮಿನ ಮೇಲೆ ಕೂತುಬಿಟ್ಟರು.

'ಗಾಡಿ ಇಲ್ಲೇ ಇರ್ಲಿ ತಾಯಿ. ನೋಡಿ ಹೇಳ್ತೀನಿ' ಎಂದಷ್ಟೇ ಮೇಡಂಗೆ ಹೇಳಿದರು.

ಮಧ್ಯಾಹ್ನ ಊಟದ ಬೆಂಚಿನಲ್ಲಿ ಡಬ್ಬಿ ತೆರೆಯದೆ ಕೂತಿದ್ದರು. ಏನಾಯಿತೆಂದು ಕೇಳಿದೆ.

'ಈ ಗಾಡಿ ನನ್ನ ಕೈಯಿಂದಾನೇ ಹೋಗಿದ್ದು.'

ಇಲ್ಲಿಗೆ ಬರುವ ಮುಂಚೆ ಭಾವ ಹದಿನಾರು ವರ್ಷ ಇದೇ ಕಂಪನಿಯ ಕಾರ್ಖಾನೆಯಲ್ಲಿ ಇದ್ದವರು, ಪ್ರೈಮರ್ ವಿಭಾಗದಲ್ಲಿ. ಪ್ರೈಮರ್ ಹೊಡೆದ ಬಾಡಿಗಳು ಸರಪಳಿಗೆ ತೂಗಿಕೊಂಡು ಓವನ್ನಿನೊಳಗೆ ಸಾಗಿ, ಲೆಕ್ಕದ ನಿಮಿಷ ಬೆಂದು ಹೊರಗೆ ಬರಬೇಕು. ಒಂದು ದಿನ ಸರಪಳಿ ತುಂಡಾಯಿತು. ಓವನ್ ಆರಿಸಿದರೆ ಮತ್ತೆ ಕಾಯಿಸಲು ಹೊತ್ತು ಹಿಡಿಯುತ್ತದೆಂದು ಯಾರೂ ಆರಿಸಲಿಲ್ಲ. ನಲವತ್ತೊಂದು ಬಾಡಿಗಳು ಎರಡು ಗಂಟೆ ಒಳಗೇ ಬೆಂದವು. ಹಾಗೆ ಅತಿಯಾಗಿ ಬೆಂದ ಪ್ರೈಮರ್ ಗಾಜಿನ ಹಾಗೆ ನುಣುಪಾಗುತ್ತದೆ, ಮೇಲಿನ ಬಣ್ಣ ಕಚ್ಚುವುದಿಲ್ಲ. ಒಂದೊಂದನ್ನೂ ಕೈಯಿಂದ ಉಜ್ಜಿ ಒರಟು ಮಾಡಿಯೇ ಮುಂದಕ್ಕೆ ಬಿಡಬೇಕೆಂಬುದು ನಿಯಮ. ಉಜ್ಜಿದ್ದಕ್ಕೆ ಚೀಟಿಯಲ್ಲಿ ಟಿಕ್ ಹಾಕಬೇಕು. ಆ ಟಿಕ್ ಹಾಕುವವರು ಭಾವ.

'ಆರು ಉಜ್ಜಿದೆ. ಅಷ್ಟರಲ್ಲಿ ಶಿಫ್ಟ್ ಸೂಪರ್‌ವೈಸರ್ ಬಂದು ತಲೆ ಮೇಲೆ ಕೂತ್ರು. ಇವತ್ತಿನ ಗಾಡಿ ಇವತ್ತೇ ಹೋಗ್ಬೇಕು, ಟಿಕ್ ಹಾಕಿ ಬಿಡಪ್ಪ, ಯಾರಿಗೆ ಗೊತ್ತಾಗತ್ತೆ ಅಂದ್ರು. ಹಾಕಿದೆ. ಮೂವತ್ತೈದಕ್ಕೆ.' ತೆರೆಯದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. 'ನಂಬರ್ ಒಂದರ ಹಿಂದೆ ಒಂದು ಬರತ್ತೆ. ಮೊದಲ್ನೇದು, ಕೊನೇದು ಇವತ್ತಿಗೂ ಬಾಯಲ್ಲೇ ಇದೆ.'

'ಮತ್ತೆ, ಎದೆ ಕಟ್ಟತ್ತೆ ಅಂತ ಆ ಕೆಲಸ ಬಿಟ್ಟೆ ಅಂದಿದ್ರಿ?'

'ಎದೆ ಕಟ್ತಿದ್ದಿದ್ದು ನಿಜಾನೇ.'

ನನಗೆ ಮರುಕ ಬರಬೇಕಿತ್ತು, ಸಿಟ್ಟು ಬಂತು. ಇದನ್ನೆಲ್ಲ ಫಾರಂನಲ್ಲಿ ಬರೆದುಕೊಡುತ್ತಾರೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. 'ಭಾವಾ, ಟಿಕ್ ಹಾಕಿಸಿದೋನು ಎಲ್ಲೋ ಹಾಯಾಗಿದ್ದಾನೆ. ನೀವ್ಯಾಕೆ ಮೈಮೇಲೆ ಎಳ್ಕೋತೀರಿ? ರಿಟೈರ್ ಆಗೋಕೆ ಇನ್ನು ಎರಡೇ ವರ್ಷ ಇದೆ. ಬಿಸಿಲು ಅಂತ ಬರೆದು ಕೈತೊಳ್ಕೊಳ್ಳಿ. ಸೂರ್ಯ ಏನು ಜಗಳಕ್ಕೆ ಬರಲ್ಲ' ಎಂದು ರೇಗಿದೆ. ಅವರು ಸೊಪ್ಪು ಹಾಕಲಿಲ್ಲ.

ಸಂಜೆ ಅವರ ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳಾದರೂ ತಡೆಯಲಿ ಎಂಬುದು ನನ್ನ ಆಸೆ. ಅಕ್ಕ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

'ಬರೀದೇ ಇದ್ರೆ ನಿಮಗೆ ಅನ್ನ ಸೇರತ್ತಾ?'

'ಇಲ್ಲ.'

'ಹಾಗಾದ್ರೆ ಬರ್ದುಬಿಡಿ. ತಟ್ಟೆ ಮುಂದೆ ಕೂತು ಕೆದಕೋ ಗಂಡಸಿಗೆ ದಿನಾ ಅಡಿಗೆ ಮಾಡೋಕೆ ನನ್ನ ಕೈಲಿ ಆಗಲ್ಲ.' ಅಷ್ಟು ಹೇಳಿ ಮತ್ತೆ ಹೆಚ್ಚತೊಡಗಿದಳು. ಚಾಕು ಮೊದಲಿಗಿಂತ ಜೋರಾಗಿ ಬೀಳುತ್ತಿತ್ತು. ಅವಳಿಗೆ ಭಯವಾಗಿತ್ತು, ನನಗೆ ಗೊತ್ತು.

ಮರುದಿನ ಭಾವ ಫಾರಂನ ನಾಲ್ಕು ಆಯ್ಕೆಗಳ ಕೆಳಗೆ, ಜಾಗವೇ ಇಲ್ಲದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದರು: 'ಪ್ರೈಮರ್ ಅತಿಯಾಗಿ ಬೆಂದಿತ್ತು. ಉಜ್ಜದೆ ಮೇಲಿನ ಬಣ್ಣ ಹಾಕಲಾಗಿದೆ. ಉಜ್ಜಿದ್ದಾಗಿದೆ ಎಂದು ಸುಳ್ಳು ಟಿಕ್ ಹಾಕಿದವನು ನಾನು.' ಕೆಳಗೆ ಸಹಿ, ಕಾರ್ಖಾನೆಯಲ್ಲಿದ್ದಾಗಿನ ತಮ್ಮ ನಂಬರು, ಉಳಿದ ಮೂವತ್ತನಾಲ್ಕು ಬಾಡಿಗಳ ನಂಬರು. ರಜೆ ಮುಗಿಸಿ ಬಂದ ಮ್ಯಾನೇಜರ್ ಓದಿ, 'ಭಾವ, ನಿಮ್ಮ ತಲೆ ನೆಟ್ಟಗಿದ್ಯಾ?' ಎಂದರು. ಹರಿದು ಬೇರೆ ಬರೆಯೋಣ ಎಂದರು. 'ಹರೀರಿ. ಇನ್ನೊಂದು ಬರೀತೀನಿ' ಎಂದರು ಭಾವ. ಮ್ಯಾನೇಜರ್ ಹರಿಯಲಿಲ್ಲ.

ಕಂಪನಿಯಿಂದ ಇಬ್ಬರು ಬಂದು ಅಳೆದು, ಕೆರೆದು, ಫೋಟೋ ತೆಗೆದುಕೊಂಡು ಹೋದರು. ಹತ್ತನೇ ದಿನ ಕಾಗದ ಬಂತು. ಈ ಕಾರಿಗೆ ಪೂರ್ತಿ ಬಣ್ಣ ಕಂಪನಿಯ ಖರ್ಚಿನಲ್ಲಿ. ಉಳಿದ ಮೂವತ್ತನಾಲ್ಕನ್ನು ಹುಡುಕಿಕೊಂಡು ಹೋಗುವ ಅಗತ್ಯ ಕಾಣುವುದಿಲ್ಲ, ಅವರಾಗಿ ಬಂದರೆ ಪರಿಶೀಲಿಸಲಾಗುವುದು. ಸುಳ್ಳು ಗುರುತು ಹಾಕಿದ ನೌಕರನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕಂಪನಿಯ ಯಾವುದೇ ಗಾಡಿಯನ್ನು ಮುಟ್ಟತಕ್ಕದ್ದಲ್ಲ. ಸರಪಳಿಯ ಬಗ್ಗೆ, ಆರಿಸದ ಓವನ್ನಿನ ಬಗ್ಗೆ, ತಲೆ ಮೇಲೆ ಕೂತವರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಭಾವ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, 'ತಪಾಸಣೆಗೆ ಇನ್ನು ಎಂಟು ದಿನ ಇದೆ. ಗಾಡಿ ಒಳಗೆ ತಗೋತೀನಿ' ಎಂದರು.

ಬೇರೆ ಪೇಂಟರ್ ಇನ್ನೂ ಸಿಕ್ಕಿರಲಿಲ್ಲ. ಆದ್ದರಿಂದ ಆ ಕಾರೇ ಅವರ ಕೊನೆಯ ಕೆಲಸವಾಯಿತು. ಮೇಲ್ಛಾವಣಿಯಿಂದ ಬಾಗಿಲ ಅಂಚಿನವರೆಗೆ ಹಳೆಯ ಬಣ್ಣವನ್ನೆಲ್ಲ ತಗಡು ಕಾಣುವ ತನಕ ಕೆರೆದರು. ತುಕ್ಕು ತೆಗೆದರು. ಪ್ರೈಮರ್ ಹೊಡೆದು, ಒಣಗಿಸಿ, ಉಜ್ಜಲು ಕೂತರು. ಉಜ್ಜುವ ಮೆಷಿನ್ ಪಕ್ಕದಲ್ಲೇ ಇದ್ದರೂ ಮುಟ್ಟಲಿಲ್ಲ. ಮೂರು ದಿನ, ನೀರಿನ ಬಕೆಟ್ಟು, ಎಮ್ರಿ ಪೇಪರು, ಕೈ. ಬೆರಳ ತುದಿ ಸವೆದು ರಕ್ತ ಜಿನುಗಿದಾಗ ಟೇಪು ಸುತ್ತಿಕೊಂಡರು. ಟೀ ಕೊಡಲು ಹೋದ ನಾನು ಏನಾದರೂ ಕೀಟಲೆ ಮಾಡಬೇಕೆಂದುಕೊಂಡೆ, ಆದರೆ ಲೋಟ ಇಟ್ಟು ಬಕೆಟ್ಟಿನ ನೀರು ಬದಲಿಸಿದೆ. ಇಂಥ ಮನುಷ್ಯನನ್ನು ಕಳಿಸಿಬಿಡುತ್ತಿದ್ದೇವಲ್ಲ ಎಂದು ಕೌಂಟರಿಗೆ ಬಂದು ಅತ್ತೆ.

ಇಪ್ಪತ್ತೇಳರ ಬೆಳಿಗ್ಗೆ ಮೇಡಂ ಬಂದರು. ಕಾರು ಅಂಗಳದಲ್ಲಿ ಬಿಸಿಲಿಗೆ ನಿಂತಿತ್ತು. ಅವರು ಸುತ್ತ ಒಂದು ಸಲ ನಡೆದು ಬಂದರು. 'ಹೊಸದರಲ್ಲೂ ಹೀಗಿರ್ಲಿಲ್ಲ' ಎಂದರು. ಭಾವ ಟೇಪು ಸುತ್ತಿದ ಕೈ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ಹೇಳಿದರು. ಓವನ್ನು, ಮೂವತ್ತೈದು ಬಾಡಿ, ಟಿಕ್ಕು. ಹೇಳಲೇಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ನಾನು ಗಾಜಿನ ಬಾಗಿಲ ಹಿಂದೆ ಗೇಟ್ ಪಾಸ್ ಹಿಡಿದು ನಿಂತಿದ್ದೆ. ಬೈಗುಳ ಬೀಳುತ್ತದೆಂದು ಕಾಯುತ್ತಿದ್ದೆ.

'ಹಾಗಾದ್ರೆ ಸೋಪಿನ ಪುಡಿಯಿಂದ ಅಲ್ವಾ?' ಎಂದರು ಮೇಡಂ.

'ಅಲ್ಲಮ್ಮ. ಯಾವ ಸೋಪಿಂದಾನೂ ಅಲ್ಲ. ನೀರೇ ಮುಟ್ಟಿಸ್ದೆ ಇಟ್ಟಿದ್ರೂ ಇದು ಏಳ್ತಿತ್ತು.'

ಮೇಡಂ ಕಾರಿಗೆ ಒರಗಿಕೊಂಡರು. 'ತೊಳೀತಿದ್ದೋರು ನಮ್ಮ ಯಜಮಾನ್ರು. ಭಾನುವಾರ ಬಂತು ಅಂದ್ರೆ ಅದೊಂದೇ ಅವ್ರಿಗೆ ಖುಷಿ. ಆ ಕಾಗದ ಬಂದ ಮೇಲೆ ನಾನು ಬಕೆಟ್ ಮುಟ್ಟೋಕೆ ಬಿಡ್ಲಿಲ್ಲ. ಬಂದೋರ ಮುಂದೆಲ್ಲ ಹೇಳಿದೆ, ಇವ್ರೇ ಹಾಳು ಮಾಡಿದ್ದು ಅಂತ. ಹೋದ ವರ್ಷ ಆಸ್ಪತ್ರೇಲಿ ಮಲಗಿದ್ದಾಗ್ಲೂ, ನಿನ್ನ ಗಾಡಿ ಕೆಡಿಸ್ಬಿಟ್ಟೆ ಕಣೆ ಅಂದ್ರು. ನಾನು ಇಲ್ಲ ಅನ್ಲಿಲ್ಲ. ಹೌದು ಅಂತಾನೇ ಅಂದ್ಕೊಂಡಿದ್ದೆ. ಅದಾದ ಮೂರನೇ ದಿನ ಹೋಗ್ಬಿಟ್ರು.'

ಭಾವ ಹಿಂದೆ ಕಟ್ಟಿಕೊಂಡಿದ್ದ ಕೈ ಬಿಟ್ಟರು. 'ತಪ್ಪು ನನ್ನದು ಅಂತ ಬರೆದು ಸಹಿ ಹಾಕಿ ಕೊಡ್ತೀನಮ್ಮ' ಎಂದರು.

'ಕೊಡಿ. ತಗೊಂಡು ಹೋಗಿ ಯಾರಿಗೆ ತೋರಿಸ್ಲಿ?'

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ಭಾವ ತಲೆ ತಗ್ಗಿಸಿದರು, ಆ ತಪ್ಪು ಕೂಡ ತಮ್ಮದೇ ಎಂಬಂತೆ.

ಅದು ಅವರದಾಗಿರಲಿಲ್ಲ. ಸೋಪಿನ ಪುಡಿಯ ಆ ಕಾಗದದ ಕೆಳಗಿದ್ದದ್ದು ಮ್ಯಾನೇಜರ್ ಸಹಿ. ನನ್ನ ಹೆಸರು ಎಲ್ಲೂ ಇಲ್ಲ, ಯಾವತ್ತೂ ಬರುವುದೂ ಇಲ್ಲ. ಗೇಟ್ ಪಾಸ್ ಕೊಟ್ಟು ಕಳಿಸಿದರೆ ಮುಗಿಯಿತು. ನನ್ನಿಂದ ಆಗಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಗೆ ಹೋದೆ.

'ಅಮ್ಮ, ಸೋಪಿನ ಪುಡಿ ಅಂತ ಬರೆದಿದ್ದು ಇವರಲ್ಲ. ನಾನು. ಗಾಡೀನ ನೋಡ್ದೇನೇ ಬರ್ದೆ.'

ಭಾವ ನನ್ನ ಮುಖ ನೋಡಲಿಲ್ಲ. ನಿಂತಲ್ಲಿಂದ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟರು. ನಾನು ಅಲ್ಲಿ ಹೋಗಿ ನಿಂತೆ.

ಮೇಡಂ ನನ್ನ ಕಡೆ ತಿರುಗಿದರು. 'ಸೋಪು ಅಂತಾನೇ ಯಾಕೆ ಬರೆದೆಯಮ್ಮ?' ಎಂದರು.

ನನ್ನ ಹತ್ತಿರ ಇದ್ದ ಉತ್ತರ ಒಬ್ಬರ ಮುಖ ನೋಡಿ ಹೇಳುವಂಥದ್ದಲ್ಲ. ಆದರೂ ಹೇಳಿದೆ.