ಮಾರಾ ಅಂದರೆ ಮುದ್ದು

ನಿಜಾಮನ ಆಳ್ವಿಕೆಯ ಕೊನೆಕೊನೆಯ ವರ್ಷಗಳು. ಯಾದಗಿರಿಯ ಮೋನಮ್ಮ ದೀಕ್ಷಾಸ್ನಾನವಾದ ಮೇಲೂ ಮೋನಮ್ಮನಾಗಿಯೇ ಉಳಿದಳು. ಗಂಡ ದ್ಯಾವಪ್ಪ ಮಾತ್ರ ದಾವೀದಪ್ಪನಾದ, ಊರೂರು ತಿರುಗಿ ಸುವಾರ್ತೆ ಹೇಳುವ ಬೋಧಕನಾದ, ಮನೆಯಲ್ಲೂ ಬೋಧಕನ ಗತ್ತಿನಲ್ಲೇ ಮಾತಾಡತೊಡಗಿದ. ಓದು ಬಾರದ ಮೋನಮ್ಮನಿಗೆ ಅವನು ಹೇಳಿದ್ದೇ ವೇದವಾಕ್ಯ.

ಮಗಳು ಹುಟ್ಟಿದಾಗ ಅವನೇ ಹೆಸರಿಟ್ಟ, ಮಾರಾ. "ಇಬ್ರಿಯ ಮಾತು, ಬೈಬಲಿನ ಮೂಲ ಭಾಷೆ. ಮುದ್ದು ಅಂತ ಅರ್ಥ," ಅಂದ. ಮೋನಮ್ಮ ಹಿಗ್ಗಿಹೋದಳು. ಗಂಡುಮಗುವಿನ ದಾರಿ ಕಾಯುತ್ತಿದ್ದವನು ಮುಖ ಸಿಂಡರಿಸಿಯಾನು ಎಂದು ಹೆದರಿದ್ದಳು, ಪಾಪ.

ಪಕ್ಕದ ಮನೆಯ ಜೈತುನಬೀಗೆ ಆ ಹೆಸರೆಂದರೆ ನಗು. ಅವಳ ಉರ್ದುವಿನಲ್ಲಿ ಮಾರಾ ಅಂದರೆ ಹೊಡೆದ ಅಂತ. "ಯಾರು ಹೊಡದ್ರು, ಯಾರಿಗೆ ಹೊಡದ್ರು?" ಎಂದು ಕಾಡಿಸುವಳು. "ಅದು ನಿಮ್ಮ ಮಾತಲ್ಲಕ್ಕಾ, ದೇವರ ಪುಸ್ತಕದ್ದು. ಮುದ್ದು ಅಂತ!" ಎಂದು ಮೋನಮ್ಮ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಕೇಳುವಂತೆ ಜಗಳಕ್ಕೆ ನಿಲ್ಲುತ್ತಿದ್ದಳು.

ಮಾರಾ ಓಡಾಡುವ ವಯಸ್ಸಿಗೆ ಶಹಾಪುರದಿಂದ ಸುಗಲಮ್ಮ ಬಂದಳು, ಕೇರಿಯ ಹೆಂಗಸರಿಗೆ ಬೈಬಲ್ ಓದಲು ಕಲಿಸುವವಳು. ಮೋನಮ್ಮ ಅಕ್ಷರ ಕೂಡಿಸಿ ಕೂಡಿಸಿ ರೂತಳ ಕತೆಯವರೆಗೆ ಬಂದಳು. ಗಂಡ ಮಕ್ಕಳನ್ನು ಕಳಕೊಂಡು ಊರಿಗೆ ಮರಳಿದ ರೂತಳ ಅತ್ತೆ ನೊವೊಮಿ, ಇನ್ನು ನನ್ನನ್ನು ಮಾರಾ ಎಂದು ಕರೆಯಿರಿ ಅನ್ನುವ ಕಡೆ ಬೆರಳು ನಿಂತಿತು. "ಇಲ್ನೋಡ್ರಿ ಅಕ್ಕಾ! ಮ, ರ, ಎರಡಕ್ಕೂ ದೀರ್ಘ. ನನ್ನ ಮಗಳ ಹೆಸರು. ಮುದ್ದು!"

ಸುಗಲಮ್ಮನಿಗೆ ಸುಳ್ಳು ಬರುತ್ತಿರಲಿಲ್ಲ. "ಮುದ್ದಿನವ ಅಂದ್ರ ದಾವೀದ, ನಿನ್ನ ಗಂಡನ ಹೆಸರವ್ವ. ಮಾರಾ ಅಂದ್ರ ಕಹಿ."

ಸಂಜೆ ಕೇಳಿದರೆ ದಾವೀದಪ್ಪ ತುತ್ತಿನಿಂದ ತಲೆ ಎತ್ತಲಿಲ್ಲ. "ಹೆಣ್ಣು ಹುಟ್ಟಿತ್ತು. ಅವತ್ತು ಮನಸು ಕಹಿಯಾಗಿತ್ತು, ಇಟ್ಟೆ. ಈಗ್ಯಾಕ ಅದೆಲ್ಲ?"

ಎದುರಿಗೇ ಬೈದಿದ್ದರೆ ಮೋನಮ್ಮ ತಡೆದುಕೊಳ್ಳುತ್ತಿದ್ದಳು. ಇವನು ಬೈಗುಳವನ್ನು ಮುದ್ದೆಂದು ಕೈಗಿತ್ತು, ಹೆತ್ತವಳ ಬಾಯಿಂದಲೇ ಮಗಳನ್ನು ದಿನವೂ ಬಯ್ಯಿಸಿದ. ಬೋಧಕನಂತೆ ಬೋಧಕ!

ಮರುದಿನ ಮಗಳ ತಲೆ ಬಾಚುತ್ತಾ, "ಇವತ್ತಿನಿಂದ ನೀ ಸಾರಾ. ರಾಣಿಯಂಥಾಕಿ ಅಂತ ಅರ್ಥ," ಎಂದಳು.

ಹುಡುಗಿ ಜಡೆ ಕಿತ್ತುಕೊಂಡು ಎದ್ದಳು. "ನಾ ಒಲ್ಲೆ. ನಾ ಮಾರಾನ. ಅಪ್ಪಗ ನಾ ಮುದ್ದು, ಅದಕ್ಕ ಇಟ್ಟಾನ. ಹೌದಲ್ಲಬೇ?"

ಗಂಡನ ಸುಳ್ಳನ್ನು ಮೋನಮ್ಮ ಈಗ ತನ್ನ ಬಾಯಿಂದಲೇ ಹೇಳಬೇಕಾಯಿತು. "ಹೌದವ್ವ," ಎಂದಳು.

ಸಮಾಧಾನವಾದ ಹುಡುಗಿ ಮತ್ತೆ ಬಂದು ತೊಡೆಯ ಮೇಲೆ ಕೂತಳು. "ಸುಗಲಮ್ಮಾಯಿ ಕಡಿ ನಾನೂ ಬರ್ತೀನಿ. ನಂಗೂ ಓದಾಕ ಕಲಸು."

ಅಕ್ಷರಕ್ಕಾಗಿ ಅಷ್ಟು ಹಂಬಲಿಸಿದ್ದ ತಾಯಿ ಬಾಚಣಿಗೆ ಎತ್ತಿ ಬಿಚ್ಚಿದ ಜಡೆಯನ್ನು ಮತ್ತೆ ಬಾಚತೊಡಗಿದಳು. "ಈಗ ಬ್ಯಾಡವ್ವ," ಎಂದಳು.